ಟೈಲರಮ್ಮ ಕೇಳಿದ ಒಂದು ಮಾತು

ದೂರು ವಿಭಾಗದ ಮೇಜಿನಿಂದ
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟೀ,

ಹೇಗಿದ್ದೀಯೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಎದ್ದುಹೋಗುತ್ತೀಯಂತೆ, ಅತ್ತಿಗೆ ಹೇಳಿದರು. ನಿನ್ನ ಎಡಗಿವಿಯ ನೋವು ಮತ್ತೆ ಬಂದಿದೆ ಎಂದೂ ಹೇಳಿದರು. ತಣ್ಣನೆ ಗಾಳಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಓಡಾಡಬೇಡ ಎಂದು ನೀನು ಆರು ವರ್ಷದವಳಿದ್ದಾಗಿನಿಂದ ಬಡಕೊಳ್ಳುತ್ತಿದ್ದೇನೆ. ಈಗ ಮೂವತ್ತೊಂದಾಯಿತು, ಇನ್ನೂ ಬಡಕೊಳ್ಳುತ್ತಿದ್ದೇನೆ. ನಾನು ಫೋನ್ ಮಾಡಿದಾಗಲೆಲ್ಲ ಅಣ್ಣ ಎತ್ತಿಕೊಂಡು "ಸ್ನಾನಕ್ಕೆ ಹೋಗಿದ್ದಾಳೆ" ಎನ್ನುತ್ತಾನೆ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡಿದರೆ ಮೈಚರ್ಮ ಸುಲಿದುಹೋದೀತು ಅಂತ ಹೇಳು ಅವನಿಗೆ. ಪಾಪ, ಅವನಿಗೆ ಸುಳ್ಳು ಹೇಳುವುದಕ್ಕೆ ಹುಟ್ಟಿದಾಗಿನಿಂದ ಬರುವುದಿಲ್ಲ. ಫೋನಿಗೆ ನೀನು ಸಿಕ್ಕುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾಗದ ಹಿಡಿದು ಕೂತೆ. ಕಾಗದವನ್ನು ಹರಿದು ಬಿಸಾಡುವ ಮೊದಲು ಒಂದು ಸಲವಾದರೂ ಓದುತ್ತೀಯ ಎಂಬ ಧೈರ್ಯ ನನಗಿದೆ.

ಇಲ್ಲಿ ಎಲ್ಲರೂ ಇದ್ದಾರೆ, ಇದ್ದ ಹಾಗೇ ಇದ್ದಾರೆ. ನಿನ್ನ ಭಾವನಿಗೆ ಬಿಡುವಾದಾಗಲೆಲ್ಲ ಏನಾದರೂ ರಿಪೇರಿ ಮಾಡುವ ಹುಚ್ಚು ಗೊತ್ತಲ್ಲ, ಮೊನ್ನೆ ಭಾನುವಾರ ನಿನ್ನ ಕೋಣೆಯ ಕಿಟಕಿಯ ಚಿಲಕ ಬದಲಾಯಿಸಿದರು. "ಯಾರಿಲ್ಲದ ಕೋಣೆಗೆ ಯಾಕ್ರೀ ಚಿಲಕ" ಎಂದೆ. "ಬರ್ತಾಳಲ್ಲ, ಬಂದಾಗ ಗಾಳಿಗೆ ಪಟಪಟ ಅಂದ್ರೆ ನಿದ್ದೆ ಬರಲ್ಲ ಅವಳಿಗೆ" ಎಂದರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿಕೊಂಡು ನಿಂತೆ. ನನ್ನ ಮಗಳು ನಿನ್ನ ನೀಲಿ ಶಾಲನ್ನು ಕದ್ದು ಹೊದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಾಳೆ. ಬೈದರೆ "ಚಿಕ್ಕಮ್ಮ ಬಂದು ಬೈಲಿ, ಆಗ ಕೊಡ್ತೀನಿ" ಎನ್ನುತ್ತಾಳೆ. ಇವರಿಬ್ಬರ ಮುಂದೆ ನಾನು ನಿನ್ನ ಮಾತೆತ್ತುವುದನ್ನೇ ಬಿಟ್ಟಿದ್ದೇನೆ.

ಆಫೀಸಿನ ಸುದ್ದಿ ಹೇಳುತ್ತೇನೆ. ನಿನ್ನೆ ಮನೆ ಮಾರಿಸುವ ಹೊಸ ಏಜೆಂಟರ ತಂಡಕ್ಕೆ ನನ್ನ ಕ್ಲಾಸು ಇತ್ತು. ಅದೇ, "ವೃತ್ತಿಧರ್ಮ ಮತ್ತು ದೂರು ನಿರ್ವಹಣೆ", ಅರ್ಧ ದಿನ, ನಡುವೆ ಒಂದು ಟೀ. ಆರು ಜನ ಬಂದಿದ್ದರು, ಎಲ್ಲರೂ ಹೊಸ ಬೂಟು ಹಾಕಿಕೊಂಡು. ಹತ್ತೊಂಬತ್ತು ವರ್ಷದಿಂದ ಹೇಳುತ್ತಿರುವುದನ್ನೇ ಹೇಳಿದೆ. ದೂರು ತಂದವರನ್ನು ನಿಲ್ಲಿಸಿ ಮಾತಾಡಬೇಡಿ, ಕೂರಿಸಿ. ಮೊದಲು ನೀರು ಕೊಡಿ. ಅವರ ಮಾತನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿರುಗಿಸಬೇಡಿ. ಮೂರು ದಿನದೊಳಗೆ ದೂರು ತಲುಪಿತೆಂದು ಕಾಗದ ಹೋಗಬೇಕು, ಹದಿನೈದು ದಿನದೊಳಗೆ ಉತ್ತರ. ಬಾಯಲ್ಲಿ ತಪ್ಪಾಯಿತು ಎನ್ನಬೇಡಿ, ವಿಷಾದಿಸುತ್ತೇವೆ ಎನ್ನಿ. ಇಷ್ಟು ಹೇಳುವಾಗ ನನ್ನ ಕಣ್ಣು ತಾನಾಗಿಯೇ ಮೊದಲ ಸಾಲಿನ ಮೂಲೆಯ ಕುರ್ಚಿಗೆ ಹೋಯಿತು. ಅಲ್ಲಿ ಕೂತಿದ್ದವಳು ನೀನು, ಒಂಬತ್ತು ತಿಂಗಳ ಹಿಂದೆ. ನಾನು ಗಂಭೀರವಾಗಿ ಪಾಠ ಮಾಡುತ್ತಿದ್ದರೆ ನಿನಗೆ ನಗು ತಡೆಯಲಾಗದೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಿದ್ದೆ. ಮನೆಯಲ್ಲಿ ನೈಟಿಯಲ್ಲಿ ಓಡಾಡುವ ಅಕ್ಕ ಇಲ್ಲಿ ಕನ್ನಡಕ ಹಾಕಿಕೊಂಡು ಜಡ್ಜಮ್ಮನ ಹಾಗೆ ನಿಂತಿದ್ದಾಳಲ್ಲ ಎಂದು. ಆಮೇಲೆ ಕೈ ಎತ್ತಿ ಕೇಳಿದೆ, "ಮೇಡಂ, ತಪ್ಪು ನಿಜವಾಗ್ಲೂ ನಮ್ದೇ ಆಗಿದ್ರೆ?" ಇಡೀ ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕು, "ಆಗ ಇನ್ನೂ ಒಳ್ಳೆ ಕಾಗದದಲ್ಲಿ ವಿಷಾದ" ಎಂದುಬಿಟ್ಟೆ. ನಿನ್ನೆ ಆ ಕುರ್ಚಿಯಲ್ಲಿ ಕೂತಿದ್ದ ಹುಡುಗಿಗೆ ಯಾವ ಪ್ರಶ್ನೆಯೂ ಹೊಳೆಯಲಿಲ್ಲ. ಒಳ್ಳೆಯದೇ ಆಯಿತು.

ಪುಟ್ಟೀ, ನಿನಗೆ ಟೈಲರಮ್ಮನ ವಿಷಯ ಬರೆಯಬೇಕು. ಅವರ ಹೆಸರು ಕಂಡ ಕೂಡಲೇ ಕಾಗದ ಮಡಿಸಿಡಬೇಡ. ನಿನ್ನ ಕೈಯ ಮೊದಲ ಮಾರಾಟ ಆ ಮನೆ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ವಾಸ, ಮಧ್ಯೆ ಹದಿನೇಳು ಕಡಿದಾದ ಮೆಟ್ಟಿಲು. ಅವರ ಗಂಡ ಗಾರೆ ಕೆಲಸದವರು. ವಾರವೆಲ್ಲ ಬೇರೆಯವರ ಗೋಡೆ ಎಬ್ಬಿಸಿ, ರಜದ ದಿನ ಮಾತ್ರ ತಮ್ಮ ಗೋಡೆಗೆ ಕೈಹಾಕುತ್ತಿದ್ದರಂತೆ. ಹಾಗೆ ಹನ್ನೊಂದು ವರ್ಷ. ಅಲ್ಲಿ ಇಲ್ಲಿ ಉಳಿದ ಕಲ್ಲು ತಂದು ಕಟ್ಟಿದ್ದರಿಂದ ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ಮೊದಲ ದಿನ ನೀನು ಒಂಬತ್ತನೆಯದರಲ್ಲಿ ಮುಗ್ಗರಿಸಿ ಅವರ ಮೇಲೇ ಬಿದ್ದೆಯಂತೆ, ಬಂದು ನಗುನಗುತ್ತಾ ಹೇಳಿದ್ದೆ. ಗಂಡ ಹೋದ ಮೇಲೂ ಆರು ವರ್ಷ ಅವರು ಆ ಮೆಟ್ಟಿಲು ಹತ್ತಿ ಇಳಿದರು. ಮಂಡಿ ಸೋತ ಮೇಲೆ ಬೇರೆ ದಾರಿ ಇರಲಿಲ್ಲ. ಮಾರುತ್ತೇನೆ, ಆದರೆ ಇರುವವರಿಗೆ ಮಾರುತ್ತೇನೆ, ಕೆಡವುವವರಿಗೆ ಅಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಹೆಚ್ಚು ಕೊಡುತ್ತೇನೆ ಎಂದ ಹಲ್ಲಿನ ಡಾಕ್ಟರನ್ನು ಅದೇ ಕಾರಣಕ್ಕೆ ವಾಪಸು ಕಳಿಸಿದರು. ಅವನು ಕ್ಲಿನಿಕ್ಕು ಕಟ್ಟುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದ. ಪ್ರಾಮಾಣಿಕ ಮನುಷ್ಯ, ಅದಕ್ಕೇ ಮನೆ ಸಿಗಲಿಲ್ಲ.

ಆಮೇಲೆ ಬಂದವರು ಗಂಡ, ಹೆಂಡತಿ, ಎರಡು ಮಕ್ಕಳು. ಆ ಮಕ್ಕಳು ಹದಿನೇಳು ಮೆಟ್ಟಿಲನ್ನೂ ಎಣಿಸುತ್ತಾ ಹತ್ತಿದವು ಎಂದು ನೀನೇ ಹೇಳಿದ್ದೆ. ನಿನಗೆ ಅಷ್ಟು ಸಾಕಾಯಿತು. ಮಾರುವವರ ಹತ್ತಿರ ಕೊಳ್ಳುವವರನ್ನು ಹೊಗಳುವುದು, ಕೊಳ್ಳುವವರ ಹತ್ತಿರ ಮಾರುವವರನ್ನು ಹೊಗಳುವುದು ನಮ್ಮ ಕಸುಬಿನ ಹಳೇ ಚಾಳಿ. ಒಂದು ದಿನ ಗಿಡಕ್ಕೆ ನೀರು ಹಾಕದವರನ್ನೂ "ಗಿಡ ಕಂಡ್ರೆ ಪ್ರಾಣ ಬಿಡ್ತಾರೆ" ಎಂದು ಹೇಳಿಬಿಡುತ್ತೇವೆ. ಅದನ್ನು ಯಾರೂ ಸುಳ್ಳು ಎಂದು ಲೆಕ್ಕಕ್ಕೇ ಇಡುವುದಿಲ್ಲ, ಟೀಗೆ ಸಕ್ಕರೆ ಹಾಕಿದಂತೆ ಅದು. ನೀನೂ ಟೈಲರಮ್ಮನ ಕೈ ಹಿಡಿದುಕೊಂಡು, "ಎರಡು ಮಕ್ಕಳಿದ್ದಾವೆ ಅಮ್ಮಾ, ಮನೆ ತುಂಬುತ್ತೆ, ನಿಮ್ಮ ಯಜಮಾನ್ರು ಕಟ್ಟಿದ ಒಂದು ಇಟ್ಟಿಗೇನೂ ಅಲ್ಲಾಡಲ್ಲ" ಎಂದೆ. ಅವರು ಅವತ್ತೇ ಒಪ್ಪಿದರು. ಸಹಿಯಾದ ದಿನ ನೀನು ಮನೆಗೆ ಬಂದು ನನ್ನನ್ನು ಎತ್ತಿ ತಿರುಗಿಸಲು ಹೋಗಿ ಸೊಂಟ ಹಿಡಿಸಿಕೊಂಡೆಯಲ್ಲ, ಅಷ್ಟು ಖುಷಿಯಾಗಿ ನಿನ್ನನ್ನು ನಾನು ಕಂಡು ಎಷ್ಟು ವರ್ಷವಾಗಿತ್ತು! ಆ ಮದುವೆ ಮುರಿದು ಎರಡು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದ ಮೇಲೆ ನೀನು ಅಷ್ಟು ಮನಸ್ಸು ಬಿಚ್ಚಿ ನಕ್ಕಿದ್ದು ಅದೇ ಮೊದಲು.

ಐದು ವಾರ ಕಳೆದ ಮೇಲೆ ಟೈಲರಮ್ಮನಿಗೆ ತಮ್ಮ ನೂಲಿನ ಡಬ್ಬಿಯ ತಳದಲ್ಲಿ ಹಿತ್ತಿಲ ಬಾಗಿಲಿನ ಇನ್ನೊಂದು ಬೀಗದಕೈ ಸಿಕ್ಕಿತು. ಮಾರಿದ ಮನೆಯ ಬೀಗದಕೈ ತಮ್ಮ ಹತ್ತಿರ ಇರಬಾರದು ಎಂದು ಕೊಟ್ಟುಬರಲು ಹೋದರು. ಆ ಮಂಡಿ ಇಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಹೋದರು. ಓಣಿಯಲ್ಲಿ ಎರಡು ಸಲ ಹಿಂದಕ್ಕೂ ಮುಂದಕ್ಕೂ ನಡೆದರಂತೆ, ದಾರಿ ತಪ್ಪಿದೆನೇನೋ ಎಂದುಕೊಂಡು. ಅಲ್ಲಿ ಮನೆ ಇರಲಿಲ್ಲ. ತಗಡಿನ ಬೇಲಿ, ಒಳಗೆ ಗುಂಡಿ. ಅಲ್ಲಿಂದ ನೇರ ನಮ್ಮ ಆಫೀಸಿಗೆ ಬಂದರು. ಕೂಗಾಡಲಿಲ್ಲ. ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ಎಲ್ಲಿ ಕೊಡ್ಬೇಕು?" ಎಂದು ಕೇಳಿದರು. ಕೂರಿಸಿದೆ, ನೀರು ಕೊಟ್ಟೆ, ಫಾರಂ ತೆಗೆದೆ. ದೂರಿನ ಫಾರಂನ ಕೊನೆಯಲ್ಲಿ "ನಿಮ್ಮ ಬೇಡಿಕೆ ಏನು?" ಎಂಬ ಕಾಲಂ ಇದೆಯಲ್ಲ, ಅಲ್ಲಿ ಜನ ಏನೇನೋ ಬರೆಸುತ್ತಾರೆ, ಕಮಿಷನ್ ವಾಪಸು ಕೊಡಿ, ಪರಿಹಾರ ಕೊಡಿ, ಏಜೆಂಟನ್ನು ಕಿತ್ತುಹಾಕಿ. ಇವರು ಬರೆಸಿದ್ದು ಇಷ್ಟು. "ಆ ಹುಡುಗಿ ಬಂದು ಹೇಳಲಿ, ಗೊತ್ತಿತ್ತೋ ಇಲ್ಲವೋ."

ನೀನು ಆ ಕ್ಷಣವೇ ಅವರ ಹತ್ತಿರ ಓಡಲು ಹೊರಟಿದ್ದೆ, ನೆನಪಿದೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಿನವರೆಗೂ ಹೋಗಿದ್ದೆ. ತಡೆದವರು ಮ್ಯಾನೇಜರು, ಹೌದು, ಆದರೆ ರಟ್ಟೆ ಹಿಡಿದು ಒಳಗೆ ಕೂರಿಸಿದವಳು ನಾನು. ದೂರು ದಾಖಲಾದ ಮೇಲೆ ಏಜೆಂಟು ದೂರುದಾರರನ್ನು ಕಾಣಬಾರದು, ಬಾಯಿಮಾತಿನ ಉತ್ತರ ಕೊಡಬಾರದು, ಎಲ್ಲ ಬರಹದಲ್ಲೇ ಆಗಬೇಕು ಎಂಬ ನಿಯಮವನ್ನು ನಿನಗೆ ಕಲಿಸಿದವಳೂ ನಾನೇ. ಅವರಿಗೆ ಹೋದ ಉತ್ತರ ನಾನೇ ಬರೆದೆ. ಮೂರು ಸಲ ತಿದ್ದಿ ಬರೆದೆ. "ಖರೀದಿಯ ನಂತರ ಸ್ವತ್ತಿನ ಬಳಕೆಯು ಖರೀದಿದಾರರ ವಿವೇಚನೆಗೆ ಒಳಪಟ್ಟಿರುತ್ತದೆ. ತಮಗಾದ ಬೇಸರಕ್ಕೆ ಸಂಸ್ಥೆಯು ವಿಷಾದಿಸುತ್ತದೆ." ಒಂದು ಅಕ್ಷರ ಆಚೀಚೆ ಇಲ್ಲ. ಮ್ಯಾನೇಜರು ಓದಿ, "ನಿಮ್ಮ ಕೈಯಲ್ಲಿ ಸರಸ್ವತಿ ಇದ್ದಾಳೆ ಮೇಡಂ" ಎಂದರು. ಥೂ, ಆ ಹೊಗಳಿಕೆಗೆ ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಹಿತವಾಯಿತು ಕಣೇ. ಎಂಥ ಹೆಂಗಸು ನಾನು! ನೀನು ಆ ಕಾಗದದ ಪ್ರತಿಯನ್ನು ಓದಿ, ಮಡಿಸಿ ನನ್ನ ಮೇಜಿನ ಮೇಲಿಟ್ಟೆ. ಮಾರನೇ ವಾರ ಗುರುತಿನ ಚೀಟಿಯನ್ನು ಡ್ರಾಯರಿನಲ್ಲಿಟ್ಟು ಅಣ್ಣನ ಊರಿನ ಬಸ್ಸು ಹತ್ತಿದೆ. ಕ್ಯಾರಿಯರಿಗೆ ಊಟ ತುಂಬಿಕೊಡುತ್ತೇನೆ ಎಂದರೂ ನಿಲ್ಲಲಿಲ್ಲ.

ನಿನಗೆ ಗೊತ್ತಿಲ್ಲದ್ದು ಈಗ ಹೇಳುತ್ತೇನೆ. ನೀನು ಹೋದ ಮೇಲೆ ಟೈಲರಮ್ಮ ಪ್ರತಿ ಮಂಗಳವಾರ ಬರುತ್ತಿದ್ದಾರೆ. ಆ ದಿನ ಅವರಿಗೆ ಮಂಡಿಯ ಡಾಕ್ಟರ ಹತ್ತಿರ ಕೆಲಸವಿರುತ್ತದೆ, ಅದು ನಮ್ಮ ರಸ್ತೆಯ ಆ ತುದಿ. ಮುಗಿಸಿಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. "ಆ ಹುಡುಗಿ ಬಂದ್ಲಾ?" ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಅರ್ಧ ಗಂಟೆ ಕೂತು ಎದ್ದುಹೋಗುತ್ತಾರೆ. ಮ್ಯಾನೇಜರು "ಎಷ್ಟು ದಿನ ಬರ್ತಾರೆ, ತಾವೇ ಸುಸ್ತಾಗ್ತಾರೆ ಬಿಡಿ" ಎಂದರು. ಅರ್ಧಕ್ಕರ್ಧ ದೂರುಗಳು ಹಾಗೆಯೇ ಮುಗಿಯುವುದು ನಿಜ. ಆದರೆ ಇವರು ಸುಸ್ತಾಗುವ ಪೈಕಿ ಅಲ್ಲ. ಮೂರನೇ ಮಂಗಳವಾರ ನನ್ನ ಕೈಚೀಲದ ಪಟ್ಟಿ ಕಿತ್ತುಹೋಗಿದ್ದು ಅವರ ಕಣ್ಣಿಗೆ ಬಿತ್ತು. "ಕೊಡಿ ಇಲ್ಲಿ" ಎಂದವರೇ ಪರ್ಸಿನಿಂದ ಸೂಜಿದಾರ ತೆಗೆದು, ಅದೇ ಬೆಂಚಿನ ಮೇಲೆ ಕೂತು ಹೊಲಿದುಕೊಟ್ಟರು. ಬೇಡ ಬೇಡ ಎಂದರೂ ಕೇಳಲಿಲ್ಲ. ಅವರಿಗೆ ನಾನು ಬರೆದ ಉತ್ತರದ ಕಾಗದ ಅದೇ ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿ ಇತ್ತು, ಸೂಜಿ ಹುಡುಕುವಾಗ ಹೊರಗೆ ಬಂತು. ನಾನು ಬೇರೆ ಕಡೆ ನೋಡಿದೆ.

ಹೊಲಿಯುತ್ತಾ ಅವರು ಆಡಿದ ಮಾತನ್ನು ನಾನು ಕ್ಲಾಸಿನಲ್ಲಿ ಹೇಳಿಕೊಡುವ ಹಾಗೆ ಅವರ ಮಾತಲ್ಲೇ ಬರೆಯುತ್ತೇನೆ. "ಮನೆ ಹೋಯ್ತು, ಹೋಗ್ಲಿ. ಕಲ್ಲು ಮಣ್ಣು ತಾನೆ. ಅವರೇ ಹೋದ್ರು, ಮನೆ ಇಟ್ಕೊಂಡು ಏನ್ ಮಾಡ್ಲಿ. ನನಗೆ ಇರೋದು ಬೇರೆ ಚಿಂತೆ. ನಲವತ್ತು ವರ್ಷ ಜನರ ಅಳತೆ ತಗೊಂಡಿದ್ದೀನಮ್ಮ. ಟೇಪು ಹಿಡಿಯೋಕ್ಕೆ ಮುಂಚೆ ಮುಖ ನೋಡಿದ್ರೆ ಗೊತ್ತಾಗೋದು, ಇವರು ದುಡ್ಡು ಕೊಡೋರೋ, ಸತಾಯಿಸೋರೋ, ಮನೇಲಿ ಸುಖವಾಗಿದ್ದಾರೋ ಇಲ್ವೋ. ಆ ಹುಡುಗಿ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ಅವಳ ಕಣ್ಣಲ್ಲಿ ನೀರಿತ್ತು. ಅದೂ ಸುಳ್ಳಾಗಿದ್ರೆ ನಾನು ಇನ್ನು ಯಾರನ್ನ ನಂಬ್ಲಿ? ಪಕ್ಕದ ಮನೆಯವಳು ಹಾಲು ತಂದುಕೊಡ್ತೀನಿ ಅಂದ್ರೆ ಯಾಕಿರ್ಬಹುದು ಅಂತ ಯೋಚನೆ ಮಾಡ್ತೀನಿ ಈಗ. ರಾತ್ರಿ ಎಲ್ಲ ಬಾಗಿಲು ಮೂರು ಸಲ ನೋಡ್ತೀನಿ. ಹೀಗೆ ಬದುಕೋಕ್ಕೆ ಆಗಲ್ಲಮ್ಮ. ಅವಳಿಗೂ ಗೊತ್ತಿರ್ಲಿಲ್ಲ ಅಂದ್ರೆ ನಾವಿಬ್ರೂ ಮೋಸ ಹೋದ್ವಿ, ಅಷ್ಟೆ, ನನ್ನ ಕಣ್ಣು ಸರಿಯಾಗೇ ಇದೆ. ಗೊತ್ತಿತ್ತು ಅಂದ್ರೆ ಅದನ್ನಾದ್ರೂ ಹೇಳ್ಲಿ." ಇಷ್ಟು ಹೇಳಿ ದಾರವನ್ನು ಹಲ್ಲಿನಿಂದ ಕಡಿದು, ಚೀಲ ನನ್ನ ಕೈಗಿಟ್ಟರು. ಅವತ್ತು ಸಂಜೆ ಬಸ್ಸಿನಲ್ಲಿ ನಾನು ಅತ್ತೆ ಪುಟ್ಟೀ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುವಷ್ಟು ಅತ್ತೆ.

ಈಗ ಅವಸರದ ವಿಷಯ. ಟೈಲರಮ್ಮನ ನೆರೆಯವರು ಯಾರೋ ಓದಿಕೊಂಡವರು, ದೂರನ್ನು ಏಜೆಂಟರ ಸಂಘದ ಶಿಸ್ತು ಸಮಿತಿಗೂ ಕಳಿಸಿಕೊಟ್ಟಿದ್ದಾರೆ. ಸಮಿತಿಯ ನೋಟಿಸು ಹೋದ ವಾರ ಬಂತು. ಬರುವ ಮಂಗಳವಾರ, ಇಪ್ಪತ್ತೊಂದಕ್ಕೆ ವಿಚಾರಣೆ. ಅಷ್ಟರೊಳಗೆ ನೀನು ಬರಬೇಕು, ಇಲ್ಲವೇ ಲಿಖಿತ ವಿವರಣೆ ಬರಬೇಕು. ಎರಡೂ ಇಲ್ಲವೆಂದರೆ ಬೇಕೆಂದೇ ಸುಳ್ಳು ಹೇಳಿ ಮಾರಿದಳು ಎಂದು ದಾಖಲು ಮಾಡಿ ನಿನ್ನ ಲೈಸೆನ್ಸು ರದ್ದು ಮಾಡುತ್ತಾರೆ. ಅದಾದ ಮೇಲೆ ಈ ಕಸುಬಿನಲ್ಲಿ ಯಾವ ಊರಿನಲ್ಲೂ ನಿನಗೆ ಬಾಗಿಲು ತೆರೆಯುವುದಿಲ್ಲ. ನಿನಗೆ ಬೇಡವಾಗಿರಬಹುದು ಈ ಕಸುಬು. ಆದರೆ ಹೆಸರಿನ ಮುಂದೆ ಆ ಮಾತು ಉಳಿಯುತ್ತದಲ್ಲ. ಮ್ಯಾನೇಜರು ಆಗಲೇ ಕೈ ತೊಳೆದುಕೊಂಡಾಯಿತು. ಆಫೀಸಿನ ಹೇಳಿಕೆಯನ್ನು ಬರೆದುಕೊಡಿ ಎಂದು ನನಗೇ ಹೇಳಿದರು. ಹೊಸ ಏಜೆಂಟು ತರಬೇತಿಯ ಸೂಚನೆಗಳನ್ನು ಮೀರಿ, ತನ್ನ ಸ್ವಂತ ಹೊಣೆಯಲ್ಲಿ, ಸಂಸ್ಥೆಯ ಗಮನಕ್ಕೆ ತಾರದೆ ಭರವಸೆ ಕೊಟ್ಟಿದ್ದಾರೆ, ಹೀಗೆ. "ತಂಗಿ ಅನ್ನೋದನ್ನ ಮರೆತು ಬರೀರಿ ಮೇಡಂ, ನಿಮಗೂ ಒಳ್ಳೇದು" ಎಂದರು. ಬರೆದೆ. ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ, ಈ ಕಾಗದದ ಎಡಗಡೆಗೆ. ಸಹಿ ಹಾಕಿಲ್ಲ. ದಿನಾ ಬಂದು ಅದನ್ನೊಮ್ಮೆ ನೋಡುತ್ತೇನೆ, ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ.

ಅದಕ್ಕೇ ಹೇಳುತ್ತೇನೆ, ಬಾರೇ. ಸಮಿತಿಯ ಮುಂದೆ ನಿಂತು ಗೊತ್ತಿರಲಿಲ್ಲ ಎಂದು ಒಂದು ಮಾತು ಹೇಳು. ನಿನಗೆ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡ, ಗೊತ್ತು. ನೀನು ಸಣ್ಣವಳಿದ್ದಾಗ ಪಕ್ಕದ ಮನೆಯ ಕಿಟಕಿಗಾಜು ಒಡೆದು, ಅವರು ಕೇಳುವ ಮೊದಲೇ ಅವರ ಬಾಗಿಲಿಗೆ ಹೋಗಿ ಅಳುತ್ತಾ ನಿಂತವಳು. ಅವರಿಗೆ ಒಡೆದದ್ದೇ ಗೊತ್ತಿರಲಿಲ್ಲ. ಅಮ್ಮ ಇಲ್ಲದ ಮಗುವನ್ನು ಸಾಕಿದವಳು ನಾನು, ನಿನಗೆ ಎಲ್ಲಿ ಸುಳ್ಳು ನಿಲ್ಲುತ್ತದೆ ಎಲ್ಲಿ ನಿಲ್ಲುವುದಿಲ್ಲ ಎಂದು ನನಗೆ ತಿಳಿಯದೇ? ನೀನು ಆಡಿದ್ದು ನಂಬಿ ಆಡಿದ್ದು. ಕೇಳಿ ಖಚಿತ ಮಾಡಿಕೊಳ್ಳಬೇಕಿತ್ತು ಎಂದು ನಿನ್ನನ್ನೇ ನೀನು ತಿನ್ನುತ್ತಿದ್ದೀಯ ಎಂದು ಅಣ್ಣ ಹೇಳಿದ. ನೀನು ಹಾಗೆ ಅಂದುಕೊಳ್ಳಬಾರದು. ಯಾರ ಹತ್ತಿರವೂ ಕೇಳಲಿಲ್ಲ ಎಂದು ನೀನು ಎಲ್ಲರ ಹತ್ತಿರ ಹೇಳುತ್ತಿರುವುದೂ ಸರಿಯಲ್ಲ. ಇರಲಿ, ಆ ವಿಷಯ ಇಲ್ಲಿ ಬೇಡ.

ಅಣ್ಣನಿಗೆ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಅವರ ಮಗಳ ಪರೀಕ್ಷೆ ಮುಗಿಯಿತೇ? ನಿನ್ನ ಭಾವ ನಿನಗೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ, ಮಗಳು ಶಾಲನ್ನು ಒಗೆದೇ ಇಡುತ್ತೇನೆ ಎಂದು ಬರೆಯಲು ಹೇಳಿದ್ದಾಳೆ. ಕಿವಿಗೆ ಹತ್ತಿ ಇಟ್ಟುಕೋ. ಎಲ್ಲಿದ್ದರೂ ನೀನು ಚೆನ್ನಾಗಿರು, ಇನ್ನೊಬ್ಬರ ಭಾರ ಹೊರುವ ಬುದ್ಧಿ ನಿನಗೆ ಇನ್ನಾದರೂ ಕಡಿಮೆಯಾಗಲಿ, ಇದೇ ನನ್ನ ಹಾರೈಕೆ.

ನಿನ್ನನ್ನು ಎತ್ತಿ ಆಡಿಸಿದ ಕೈಯಿಂದ,
ಅಕ್ಕ

ತಾ.ಕ. ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಅಂಟು ಹಚ್ಚಿ ಮುಚ್ಚಿದ್ದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಮೇಲೆ ಬರೆದದ್ದರಲ್ಲಿ ಬಾರೇ ಬಾರೇ ಎಂದದ್ದೆಲ್ಲ ಹೇಡಿತನ. ಸಹಿಗೆ ನಾಲ್ಕು ದಿನ ಮುಂಚೆ ಕೊಳ್ಳುವವರು ಆಫೀಸಿಗೆ ಫೋನ್ ಮಾಡಿದ್ದರು. ನೀನು ಹೊರಗೆ ಹೋಗಿದ್ದೆ, ನಾನು ಎತ್ತಿದೆ. ಓಣಿಯ ಅಗಲ ಎಷ್ಟು, ಮನೆ ಕೆಡವುವ ಯಂತ್ರ ಒಳಗೆ ಬರುತ್ತದೆಯೇ ಎಂದು ಕೇಳಿದರು. ನಾನು ನಕ್ಷೆ ತೆಗೆದು ನೋಡಿ, ಬರುತ್ತದೆ ಎಂದೆ. ಅವತ್ತೇ ಸಂಜೆ ನೀನು ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಟೈಲರಮ್ಮ ಮತ್ತೆ ಮತ್ತೆ ಕೇಳ್ತಿದ್ದಾರೆ, ಇವರು ಇರೋಕ್ಕೇ ತಗೋತಿದ್ದಾರೆ ತಾನೆ?" ಎಂದೆ. ನಾನು ರಿಜಿಸ್ಟರಿನಿಂದ ತಲೆ ಎತ್ತದೆ, "ಇನ್ನೇನಕ್ಕೆ ತಗೋತಾರೆ, ಹೋಗಿ ಧೈರ್ಯವಾಗಿ ಹೇಳು" ಎಂದೆ. ನಿನ್ನ ಆರು ತಿಂಗಳ ಗಡುವಿಗೆ ಒಂಬತ್ತೇ ದಿನ ಉಳಿದಿತ್ತು. ಒಂದು ಮಾರಾಟವೂ ಇಲ್ಲದಿದ್ದರೆ ನಿನ್ನನ್ನು ತೆಗೆದುಹಾಕುತ್ತಿದ್ದರು. ಮದುವೆ ಮುರಿದು ಬಂದಾಗಿನ ಹಾಗೆ ನೀನು ಮತ್ತೆ ಕತ್ತಲೆ ಕೋಣೆಯಲ್ಲಿ ಗೋಡೆ ನೋಡುತ್ತಾ ಮಲಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಮೊದಲು ನಿನಗಾಗಿ ಮುಚ್ಚಿಟ್ಟೆ. ಆಮೇಲೆ ನನಗಾಗಿ ಮುಚ್ಚಿಟ್ಟೆ. ಮ್ಯಾನೇಜರು ನಿನ್ನನ್ನು ನಿಲ್ಲಿಸಿ ಯಾರು ಹೇಳಿದ್ದು ಎಂದು ಕೇಳಿದಾಗ ನಾನು ಎರಡು ಮಾರು ದೂರದಲ್ಲಿದ್ದೆ. ನೀನು ನನ್ನ ಕಡೆ ನೋಡದೆ, "ನಾನೇ ಅಂದ್ಕೊಂಡೆ ಸರ್" ಎಂದೆ. ಅಕ್ಕನೂ ತಿಳಿಯದೆ ಹೇಳಿದಳು, ಅವಳಿಗೇಕೆ ತೊಂದರೆ ಎಂದುಕೊಂಡೆ ನೀನು. ನಾನು ಬಾಯಿಬಿಡಲಿಲ್ಲ. ಒಂಬತ್ತು ವಾರ ಬಾಯಿಬಿಡಲಿಲ್ಲ.

ಸಮಿತಿಗೆ ಇದನ್ನೆಲ್ಲ ನನ್ನ ಹೆಸರಿನಲ್ಲಿ ಬರೆದು ಈಗಷ್ಟೇ ರಿಜಿಸ್ಟರ್ ಮಾಡಿಸಿದೆ, ರಸೀದಿ ಇದರ ಜೊತೆಗಿದೆ. ನಿನ್ನ ಲೈಸೆನ್ಸು ಹೋಗುವುದಿಲ್ಲ. ಇವತ್ತು ಮಂಗಳವಾರ, ಟೈಲರಮ್ಮ ಬೆಂಚಿನ ಮೇಲೆ ಕೂತಿದ್ದಾರೆ. ಇಲ್ಲಿಂದ ಹೋಗಿ ಅವರ ಪಕ್ಕ ಕೂತು ಹೇಳುತ್ತೇನೆ. ಅವರಿಗೆ ಹೇಳುವ ಮೊದಲು ನಿನಗೆ ಹೇಳಬೇಕಿತ್ತು. ಇನ್ನು ನೀನು ಬರಲೇಬೇಕೆಂದಿಲ್ಲ. ಬಂದರೂ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಮನೆಗೆ ಬರಬೇಡ, ನಾನು ಏನೂ ಅಂದುಕೊಳ್ಳುವುದಿಲ್ಲ. ಅವರನ್ನು ಮಾತ್ರ ಕಂಡು ಹೋಗು. ಮಾರ್ಕೆಟ್ಟಿನ ಹಿಂದೆ, ಔಷಧಿ ಅಂಗಡಿಯ ಪಕ್ಕ, ಕೆಳಗಿನ ಕೋಣೆ. ಬಾಗಿಲು ತಟ್ಟಿ ಸ್ವಲ್ಪ ಕಾಯಬೇಕು, ಅವರು ಎದ್ದು ಬರಲು ಹೊತ್ತಾಗುತ್ತದೆ.